ಎಲ್ಲ ಮಡಿಗೂ ಸಮಪಾಲು

ಸತ್ತಿವೆ ಎಂದು ನಾನೇ ಸಹಿ ಹಾಕಿ ಕಳುಹಿಸಿದ್ದ, ಕಮರ ಎಂಬ ಒಣನಾಡಿನ ಮರದ ಸಸಿಗಳು ಬದುಕಿವೆ. ಹೀಗೇಕಾಯಿತು ಎಂದು ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂದಿದೆ. ಕಚೇರಿಗೆ ಎರಡು ಸಾಲಿನ ಉತ್ತರ ಸಾಕು. ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಮ್ಮ ನರ್ಸರಿ ಇರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಒಣನೆಲದಲ್ಲಿ. ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸು; ಅದರಲ್ಲಿ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುತ್ತದೆ. ಬೇಸಿಗೆಯಲ್ಲಿ ಕೊಳವೆಬಾವಿಯೇ ಗತಿ. ಕಳೆದ ಏಪ್ರಿಲ್‌ನಲ್ಲಿ ನೀರಿನ ಮಟ್ಟ ಇಳಿದು, ಮೋಟಾರು ಬರಿದೇ ಓಡಿ ಸುಟ್ಟುಹೋಯಿತು. ರಿಪೇರಿಗೆ ಮೂರು ಕೊಟೇಷನ್ ತರಬೇಕು, ಮಂಜೂರಾತಿ ಬರಬೇಕು. ಅಲ್ಲಿಯವರೆಗೆ ದಿನಕ್ಕೊಂದು ಟ್ಯಾಂಕರ್, 5,000 ಲೀಟರ್. ಮಡಿಗಳಲ್ಲಿ ಇದ್ದದ್ದು ಎಂಟು-ಹನ್ನೆರಡು ಅಂಗುಲದ ಚೀಲಗಳು, ಸುಮಾರು 20,000.

ನಾನು ಲೆಕ್ಕ ಹಾಕಿದೆ: ಚೀಲಕ್ಕೆ ಕಾಲು ಲೀಟರ್. ಯಾವ ಮಡಿಗೂ ಅನ್ಯಾಯವಿಲ್ಲ. ಹೆಣ್ಣಾಳುಗಳು ಒಂದೇ ವೇಗದಲ್ಲಿ ಪೈಪು ಹಿಡಿದು ಸಾಗುತ್ತಿದ್ದರು. ಮಣ್ಣಿನ ಮೇಲ್ಮೈ ಕಪ್ಪಾಗುತ್ತಿತ್ತು, ನನಗೆ ಸಮಾಧಾನವಾಗುತ್ತಿತ್ತು. ಮಧ್ಯಾಹ್ನ ಜೋತುಬಿದ್ದ ಎಲೆಗಳು ಸಂಜೆಗೆ ಎದ್ದು ನಿಲ್ಲುತ್ತಿದ್ದವು. ನಾನು ಸುತ್ತು ಹಾಕುತ್ತಿದ್ದದ್ದೂ ಸಂಜೆಯೇ.

ಹೊಸ ಎಲೆಗಳು ಚಿಕ್ಕದಾಗಿ ಬರುತ್ತಿದ್ದುದನ್ನು ನೋಡಿಯೂ ತಲೆಗೆ ಹಚ್ಚಿಕೊಳ್ಳಲಿಲ್ಲ. ನೀರು ಸಾಲದಾದಾಗ ಸಸಿ ಮೊದಲು ಬಾಡುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತದೆ. ಎಳೆಯ ಜೀವಕೋಶ ಹಿಗ್ಗಬೇಕಾದರೆ ಒಳಗಿನಿಂದ ನೀರಿನ ಒತ್ತಡ ಬೇಕು. ಜೊತೆಗೆ, ಇರುವ ನೀರನ್ನು ಉಳಿಸಿಕೊಳ್ಳಲು ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಕೂಡ ಒಳಗೆ ಬರುವುದಿಲ್ಲ, ಆಹಾರ ತಯಾರಿ ಕುಂಠಿತವಾಗುತ್ತದೆ. ಇದೆಲ್ಲ ತರಬೇತಿಯಲ್ಲಿ ಕೇಳಿದ್ದೇ.

ಶಿಫ್ಟಿಂಗ್ ಮಾಡುವಾಗ, ಅಂದರೆ ಬೇರು ನೆಲಕ್ಕಿಳಿಯದಂತೆ ಚೀಲಗಳನ್ನು ಎತ್ತಿ ಜಾಗ ಬದಲಿಸುವಾಗ, ಒಂದು ಹೊಂಗೆ ಚೀಲ ಕೈಜಾರಿ ಬಿದ್ದು ಸೀಳಿತು. ಮೇಲಿನ ಮೂರು ಬೆರಳಿನಷ್ಟು ಮಣ್ಣು ಒದ್ದೆ. ಕೆಳಗಿನದೆಲ್ಲ ಧೂಳಾಗಿ ಸುರಿಯಿತು. ಬಿಳಿಯ ಹೊಸ ಬೇರುಗಳಿದ್ದದ್ದು ಆ ಮೂರು ಬೆರಳಿನಲ್ಲಿ ಮಾತ್ರ. ಕೆಳಗಿನ ಬೇರಿನ ತುದಿಗಳು ಕಂದಿದ್ದವು. ಮೇಲೆ ಹಾಕಿದ ನೀರಿನಲ್ಲಿ ಬಹುಪಾಲನ್ನು ಮರುದಿನದ ಬಿಸಿಲು ಎತ್ತಿಕೊಂಡು ಹೋಗುತ್ತಿತ್ತು. ಅಷ್ಟು ದಿನ ನಾವು ನೀರುಣಿಸಿದ್ದು ಸೂರ್ಯನಿಗೆ.

ಅದೇ ಹೊತ್ತಿಗೆ ಟ್ಯಾಂಕರ್ ಬಂದು ನಿಂತಿತು. ಚಾಲಕ ಮುಂದಿನ ಊರಿಗೆ ಕುಡಿಯುವ ನೀರು ಒಯ್ಯಬೇಕಿತ್ತು, ಬಿಡದೆ ಹಾರ್ನ್ ಒತ್ತುತ್ತಿದ್ದ. ಪೈಪು ಹಿಡಿದವಳು "ಯಾವ ಮಡಿಗೆ ಬಿಡಲಿ ಸಾರ್?" ಎಂದಳು. ಎಂದಿನಂತೆ ಎಲ್ಲದಕ್ಕೂ ಎನ್ನಲು ಬಾಯಿ ಬರಲಿಲ್ಲ. ಅರ್ಧ ಮಡಿಗಳಿಗೆ ಇಂದು ಅರ್ಧ ಲೀಟರ್, ಉಳಿದರ್ಧಕ್ಕೆ ನಾಳೆ ಎಂದೆ. ಅದೇ ನೀರು, ಆದರೆ ಆಳಕ್ಕೆ ಇಳಿಯುತ್ತದೆ. ಎರಡೆಲೆಯ ಶ್ರೀಗಂಧಕ್ಕೆ ಮಾತ್ರ ದಿನವೂ ಕ್ಯಾನಿನಲ್ಲಿ. ಅದಕ್ಕೆ ಒಂದು ದಿನ ತಪ್ಪಿದರೂ ಆಗದು. ಇಷ್ಟು ಸರಿಯಾಗಿತ್ತು.

ತಪ್ಪಿದ್ದು ಮುಂದೆ. ನೇರಳೆಯ ಎಲೆಯಂಚು ಸುಟ್ಟಿತ್ತು, ಅರ್ಧ ಲೀಟರ್ ಅದಕ್ಕೆ ಸಾಲದು. ಕಮರ ಎಲೆ ಉದುರಿಸಿ ಒಣಕಡ್ಡಿಯಾಗಿ ನಿಂತಿತ್ತು. ನೇರಳೆಗೆ ಬೇಡಿಕೆ ಹೆಚ್ಚು. ಅದು ಹೋದರೆ ಬೈಗುಳ ನನಗೆ. ಕಮರವನ್ನು ಕೇಳುವವರಿಲ್ಲ. "ಕಮರದ ಪಾಲೂ ನೇರಳೆಗೆ ಹಾಕಮ್ಮ" ಎಂದೆ. ಬುಡದ ಸಿಪ್ಪೆಯನ್ನು ಉಗುರಿನಿಂದ ಗೀರಿ ನೋಡಬೇಕಿತ್ತು. ಹಸಿರು ಅಲ್ಲೇ ಇತ್ತು. ಹಾರ್ನಿನ ಸದ್ದಿಗೆ ಅಷ್ಟೂ ಹೊಳೆಯಲಿಲ್ಲ. ತಿಂಗಳ ವರದಿಯಲ್ಲಿ ಆ ಮಡಿ ಪೂರ್ತಿ ಸತ್ತಿದೆ ಎಂದು ಬರೆದೆ.

ಎರಡು ಪಾಲು ಕುಡಿದೂ ನೇರಳೆ ಅರ್ಧಕ್ಕರ್ಧ ಹೋಯಿತು. ಮೇ ತಿಂಗಳಲ್ಲಿ ಒಂದು ಅಡ್ಡಮಳೆ ಬಿದ್ದದ್ದೇ ತಡ, ಕಮರ ಬುಡದಿಂದ ಚಿಗುರಿತು. ಕಾಡಿನಲ್ಲೂ ಅದರ ಸ್ವಭಾವ ಇದೇ: ಎಳೆಯದಿದ್ದಾಗ ಮೇಲಿನ ಕಡ್ಡಿ ಒಣಗುತ್ತಿರುತ್ತದೆ, ತಾಯಿಬೇರು ಮಾತ್ರ ಇಳಿಯುತ್ತಲೇ ಇರುತ್ತದೆ. ನಮ್ಮಲ್ಲಿ ಇನ್ನೊಂದು ಕಾರಣವೂ ಇತ್ತು. ಆ ಮಡಿಯ ಶಿಫ್ಟಿಂಗ್ ತಡವಾಗಿ, ಬೇರುಗಳು ಚೀಲದ ತಳ ತೂರಿ, ವರ್ಷಗಟ್ಟಲೆ ನರ್ಸರಿ ನೀರು ಇಂಗಿದ ನೆಲಕ್ಕೆ ಇಳಿದಿದ್ದವು. ನಮ್ಮ ಸೋಮಾರಿತನ ಅವನ್ನು ಉಳಿಸಿತು. ಚೀಲ ಎತ್ತುವಾಗ ಆ ಬೇರುಗಳನ್ನು ಕತ್ತರಿಸಬೇಕಾಯಿತು, ಅದು ಬೇರೆ ನಷ್ಟ.

ಸಸಿಯನ್ನು ಬಾಯಾರಿಸಿದರೆ ಗಟ್ಟಿಯಾಗುತ್ತದೆ ಎಂದು ಇದನ್ನು ಓದಿದವರು ಹೇಳಬಾರದು. ಹಾರ್ಡನಿಂಗ್ ಎಂದರೆ ನೆಡುವ ಮುಂಚಿನ ಕೆಲವು ವಾರ ನೀರನ್ನು ಹಂತಹಂತವಾಗಿ ಇಳಿಸುವುದು. ಏಪ್ರಿಲ್‌ನಲ್ಲಿ ನಾವು ಮಾಡಿದ್ದು ಬರಿಯ ಬರ. ಬೇವು ಒಂದೂವರೆ ಅಡಿಗೆ ನಿಂತುಬಿಟ್ಟಿತು. ವರದಿಯ ನಮೂನೆಯಲ್ಲಿ ಎತ್ತರಕ್ಕೆ ಕಾಲಂ ಇದೆ. ಕಾಲರ್ ದಪ್ಪಕ್ಕೆ, ಅಂದರೆ ಮಣ್ಣಿನ ಮಟ್ಟದಲ್ಲಿ ಕಾಂಡದ ದಪ್ಪಕ್ಕೆ, ಇಲ್ಲ, ಬೇರಿಗಂತೂ ಇಲ್ಲವೇ ಇಲ್ಲ. ನೆಟ್ಟ ಮೇಲೆ ಸುತ್ತಲಿನ ನೆಲ ಒದ್ದೆಯಿದ್ದರೂ, ಬೇರು ಚೀಲದ ಮಣ್ಣಿನ ಉಂಡೆಯಿಂದ ಹೊರಗೆ ಚಾಚುವವರೆಗೆ ಸಸಿಗೆ ಸಿಗುವುದು ಆ ಉಂಡೆಯ ನೀರೇ. ಮೂರಡಿ ಎತ್ತರದ, ಎಲೆ ಹೆಚ್ಚು ಬೇರು ಕಡಿಮೆಯ ಗಿಡ ಅದನ್ನು ಬೇಗ ಹೀರಿ ಮುಗಿಸುತ್ತದೆ. ಆದರೂ ಶಹಬ್ಬಾಸ್ ಸಿಗುವುದು ಅದಕ್ಕೇ.

ಮೋಟಾರಿನ ಮಂಜೂರಾತಿ ಮಳೆ ಶುರುವಾದ ಮೇಲೆ ಬಂತು. ಈಗ ವಾರಕ್ಕೊಮ್ಮೆ ಮಡಿಗೊಂದು ಚೀಲ ಸೀಳಿ ತೇವ ಎಲ್ಲಿಯವರೆಗೆ ಇಳಿದಿದೆ ಎಂದು ನೋಡುತ್ತೇವೆ. ಸೀಳಿದ ಚೀಲವನ್ನು ದಾಸ್ತಾನಿನಲ್ಲಿ 'ಹಾನಿ' ಎಂದು ತೋರಿಸಲೇಬೇಕು. ಅದಕ್ಕೂ ಆಡಿಟ್‌ನವರು ಕಾರಣ ಕೇಳಿದ್ದಾರೆ.