ಬೆಂಕಿ ಎಷ್ಟು ದೂರ ಅಂತಲ್ಲ, ಗಾಳಿ ಯಾವ ಕಡೆಗೆ ಅಂತ ಕೇಳಿ

ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು ಟಿವಿಯಲ್ಲಿ ಬಂದಾಗಲೆಲ್ಲ ಊರಿಂದ ಫೋನ್ ಬರುತ್ತದೆ. ಎಲ್ಲರೂ ಮೊದಲು ಕೇಳುವುದು, "ನಿಮ್ಮನೆಯಿಂದ ಎಷ್ಟು ದೂರ?" ನೂರು ಮೈಲಿ ಅಂದರೆ ಅವರಿಗೆ ಸಮಾಧಾನ. ಇಲ್ಲಿರುವ ನಮಗೆ ಅಷ್ಟಕ್ಕೆ ಸಮಾಧಾನ ಆಗುವುದಿಲ್ಲ.

2018ರ ನವೆಂಬರ್ 8ರಂದು ಪ್ಯಾರಡೈಸ್ ಎಂಬ ಊರಿಗೆ ಊರೇ ಸುಟ್ಟುಹೋಯಿತು. ಹಳೆಯ ವಿದ್ಯುತ್ ಲೈನ್‌ನಿಂದ ಹತ್ತಿಕೊಂಡ ಬೆಂಕಿ, ಅದರ ಜೊತೆಗೆ ಜೋರು ಗಾಳಿ. 85 ಜನ ಸತ್ತರು. 18,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ನಾವಿರುವ ಫ್ರೀಮಾಂಟ್ ಅಲ್ಲಿಂದ ಸುಮಾರು 250 ಕಿಲೋಮೀಟರ್. ಆದರೂ ಗಾಳಿ ಆ ಹೊಗೆಯನ್ನು ಇತ್ತ ತಂದಿತು. ಮುಂದಿನ ವಾರ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿ, ಹೆಚ್ಚಾದಷ್ಟೂ ಕೆಟ್ಟದ್ದು) 200 ದಾಟಿ, ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ನಮ್ಮ ಪ್ರದೇಶದ, ಶಾಲೆಗಳಿಗೆ ರಜೆ ಕೊಡಬೇಕಾಯಿತು. ಆ ಹೊಗೆಯಲ್ಲಿ ಮರಗಳಷ್ಟೇ ಇರಲಿಲ್ಲ. ಮನೆಗಳು, ಕಾರುಗಳು, ಪ್ಲಾಸ್ಟಿಕ್, ಎಲ್ಲ ಇದ್ದವು. ಯಾರದೋ ಮನೆ ಸುಟ್ಟ ಹೊಗೆಯನ್ನು ನಾವು ಉಸಿರಾಡುತ್ತಿದ್ದೇವೆ ಎಂಬ ಸಂಕಟ ಆ ವಾರವೆಲ್ಲ ನನ್ನನ್ನು ಬಿಡಲಿಲ್ಲ.

2020ರಲ್ಲಿ ಬೆಂಕಿಯೇ ಹತ್ತಿರ ಬಂತು. ಆಗಸ್ಟ್ ಮಧ್ಯದಲ್ಲಿ ಮಳೆಯಿಲ್ಲದೆ ಬರೀ ಸಿಡಿಲು ಬಡಿದು, ನಮ್ಮ ಪೂರ್ವಕ್ಕಿರುವ ಗುಡ್ಡಸಾಲಿನಲ್ಲಿ ಹಲವು ಕಡೆ ಬೆಂಕಿ ಎದ್ದಿತು. ಎಸ್‌ಸಿಯು ಲೈಟ್ನಿಂಗ್ ಕಾಂಪ್ಲೆಕ್ಸ್ ಅಂತ ಅದಕ್ಕೆ ಹೆಸರಿಟ್ಟರು. ಕೊನೆಗೆ ಸುಟ್ಟದ್ದು ಸುಮಾರು 4 ಲಕ್ಷ ಎಕರೆ. ಸ್ಯಾನ್ ಹೋಸೆಯ ಪೂರ್ವದ ಗುಡ್ಡಗಳಲ್ಲಿದ್ದವರಿಗೆ ಮನೆ ಬಿಡಲು ಹೇಳಿದರು. ವಾರ್ನಿಂಗ್ ಅಂದರೆ ಹೊರಡಲು ತಯಾರಾಗಿ, ಆರ್ಡರ್ ಅಂದರೆ ಈಗಲೇ ಹೊರಡಿ. ನಮಗೆ ಎರಡೂ ಬರಲಿಲ್ಲ. ಆದರೂ ಪಾಸ್‌ಪೋರ್ಟ್, ವೀಸಾ ಕಾಗದ, ಮಾತ್ರೆ, ಚಾರ್ಜರ್ ತುಂಬಿದ ಬ್ಯಾಗ್ ಬಾಗಿಲ ಹತ್ತಿರವೇ ಇತ್ತು. ಪರದೇಶದಲ್ಲಿ ಆ ಕಾಗದಗಳು ಸುಟ್ಟರೆ ಮತ್ತೆ ಮಾಡಿಸುವ ಪಾಡು ಬೇಡ.

ಸುದ್ದಿಯಲ್ಲಿ "5 ಪರ್ಸೆಂಟ್ ಕಂಟೇನ್ಡ್" ಅಂತ ಕೇಳಿ ಊರಿನವರು ಗಾಬರಿಯಾಗುತ್ತಾರೆ. ನೂರಕ್ಕೆ ಐದು ಪಾಲು ಬೆಂಕಿ ಮಾತ್ರ ಆರಿದೆ ಅಂತ ಅದರ ಅರ್ಥ ಅಲ್ಲ. ಬೆಂಕಿಯ ಸುತ್ತಳತೆಯಲ್ಲಿ ಅಷ್ಟು ಭಾಗಕ್ಕೆ, ಅದು ದಾಟಿ ಹೋಗದಂತೆ ಗಡಿ ಹಾಕಿ ಭದ್ರ ಮಾಡಿದ್ದಾರೆ ಅಂತ. ಪೂರ್ತಿ ನೂರು ಆದಮೇಲೂ ಒಳಗೆ ಹೊಗೆಯಾಡುತ್ತಲೇ ಇರಬಹುದು.

ಆ ಆಗಸ್ಟ್‌ನಲ್ಲಿ ಸುಡುಬಿಸಿಲು ಬೇರೆ. ಇಲ್ಲಿ ಎಷ್ಟೋ ಹಳೆಯ ಮನೆಗಳಲ್ಲಿ ಏಸಿ ಇಲ್ಲ, ನಮ್ಮ ಮನೆಯಲ್ಲೂ ಇರಲಿಲ್ಲ. ಕೊರೋನಾಕ್ಕೆ ಕಿಟಕಿ ತೆರೆಯಿರಿ, ಹೊಗೆಗೆ ಮುಚ್ಚಿರಿ! ಮುಚ್ಚಿಕೊಂಡೇ ಬೆಂದೆವು. ಮನೆಯಲ್ಲಿದ್ದ ಬಟ್ಟೆ ಮಾಸ್ಕ್ ಹೊಗೆಗೆ ಏನೂ ಸಾಲದು. ಹೊಗೆಯಲ್ಲಿರುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು ತಲೆಕೂದಲ ದಪ್ಪದ ಮೂವತ್ತರಲ್ಲಿ ಒಂದು ಪಾಲು, ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ಅದಕ್ಕೆ ಎನ್95 ಮಾಸ್ಕೇ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು.

ಆ ವರ್ಷವೇ ಜನರಿಗೆ ಪರಿಚಯವಾದದ್ದು ಕೋರ್ಸಿ–ರೋಸೆಂತಾಲ್ ಬಾಕ್ಸ್, ಮನೆಯಲ್ಲೇ ಮಾಡಿಕೊಳ್ಳುವ ಏರ್ ಫಿಲ್ಟರ್. ಸಣ್ಣ ಕಣಗಳನ್ನೂ ಹಿಡಿಯುವ ನಾಲ್ಕು ಮೆರ್ವ್-13 ದರ್ಜೆಯ ಫಿಲ್ಟರ್‌ಗಳನ್ನು ಗೋಡೆಗಳಂತೆ ನಿಲ್ಲಿಸಿ ಟೇಪ್ ಸುತ್ತಬೇಕು. ತಳಕ್ಕೆ ರಟ್ಟು, ಮೇಲೆ ಚೌಕದ ಫ್ಯಾನ್. ಫಿಲ್ಟರ್ ಮೇಲಿನ ಬಾಣದ ಗುರುತು ಒಳಮುಖವಾಗಿರಬೇಕು, ಫ್ಯಾನ್ ಮೇಲಕ್ಕೆ ಊದಬೇಕು. ನಮ್ಮ ಬಾಕ್ಸಿನ ಬಿಳಿ ಫಿಲ್ಟರ್ ದಿನಗಳೆದಂತೆ ಕಂದು ಬಣ್ಣಕ್ಕೆ ತಿರುಗಿತು. ಮೂಸಿದರೆ ಸುಟ್ಟ ವಾಸನೆ. ಅದಷ್ಟೂ ಮಕ್ಕಳ ಎದೆಗೆ ಹೋಗುತ್ತಿತ್ತು ಅಲ್ವಾ ಅನ್ನಿಸಿ ಕರುಳು ಚುರುಕ್ ಅಂತು.

ನೀವೆಲ್ಲ ಫೋಟೋದಲ್ಲಿ ನೋಡಿದ, ಹೊಗೆಯಿಂದ ಕಿತ್ತಳೆಯಾದ ಇಲ್ಲಿನ ಆಕಾಶ ಅದೇ ವರ್ಷ ಸೆಪ್ಟೆಂಬರ್ 9ರದ್ದು. ಬೆಳಗಾಗಿ ಎಷ್ಟೋ ಹೊತ್ತಾದರೂ ಬೀದಿದೀಪ ಉರಿಯುತ್ತಲೇ ಇತ್ತು. ಆದರೆ ಅವತ್ತು ನೆಲಮಟ್ಟದ ಗಾಳಿ ಅಷ್ಟೇನೂ ಕೆಟ್ಟಿರಲಿಲ್ಲ. ಸಮುದ್ರದ ತಂಪು ಗಾಳಿ ಕೆಳಗಿತ್ತು, ಹೊಗೆ ಅದರ ಮೇಲೆ ತೇಲುತ್ತಿತ್ತು. ಒಂದೆರಡು ದಿನ ಬಿಟ್ಟು ಆಕಾಶ ಸುಮ್ನೆ ಮೋಡ ಕವಿದ ಹಾಗೆ ಬೂದು ಬಣ್ಣಕ್ಕೆ ತಿರುಗಿತು, ಯಾರೂ ಫೋಟೋ ತೆಗೆಯಲಿಲ್ಲ. ಹೊಗೆ ಕೆಳಗಿಳಿದದ್ದು ಆಗ. ಆವತ್ತಿಂದ ನಾನು ಆಕಾಶ ನೋಡಿ ಏನೂ ತೀರ್ಮಾನಿಸುವುದಿಲ್ಲ. ಗಾಳಿ ಎಷ್ಟು ಕೆಟ್ಟಿದೆ ಅಂತ ಇಂಟರ್ನೆಟ್‌ನಲ್ಲಿ ತೋರಿಸುವ ಏರ್‌ನೌ ಅಥವಾ ಪರ್ಪಲ್‌ಏರ್ ಮ್ಯಾಪ್ ನೋಡಿಯೇ ಕಿಟಕಿ ತೆರೆಯುತ್ತೇನೆ.

ಮಕ್ಕಳನ್ನು ನೋಡಲು ಇಲ್ಲಿಗೆ ಬರುವ ಹಿರಿಯರಿಗೆ ಒಂದು ಮಾತು. ಉಬ್ಬಸ ಅಥವಾ ಹೃದಯದ ತೊಂದರೆ ಇದ್ದರೆ ಮಾರ್ಚ್‌ನಿಂದ ಜೂನ್ ಒಳಗೆ ಬಂದು ಹೋಗಿ. ಹೊಗೆಯ ಕಾಟ ಜಾಸ್ತಿ ಇರುವುದು ಆಗಸ್ಟ್‌ನಿಂದ ಮಳೆ ಶುರುವಾಗುವವರೆಗೆ. ಆಗಲೇ ಬರಬೇಕಾಗಿ ಬಂದರೆ ಇನ್‌ಹೇಲರ್, ಮಾತ್ರೆಗಳು ಲಗೇಜಿನಲ್ಲಿ ಬೇಡ, ಕೈಚೀಲದಲ್ಲೇ ಇರಲಿ. ಹೊರಡುವ ಮೊದಲು ಮಕ್ಕಳ ಹತ್ತಿರ, ಮನೆಯಲ್ಲಿ ಏರ್ ಫಿಲ್ಟರ್ ಇದೆಯಾ ಅಂತ ಸಂಕೋಚ ಇಲ್ಲದೆ ಕೇಳಿ.