ಇಲಿಮರಿ ಕೊನೆಗೂ ಮಾತಾಡಲಿಲ್ಲ

ದುಗ್ಗಮ್ಮನ ಜಾತ್ರೆ ಎಂದರೆ ದಾವಣಗೆರೆಯಲ್ಲಿ ಮನೆ ತುಂಬ ನೆಂಟರು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹಾಗಾಗಿ ಯಾರೂ ತಪ್ಪಿಸುವುದಿಲ್ಲ. ಬಂದವರೆಲ್ಲ ನನ್ನ ಐದು ವರ್ಷದ ಮಗಳ ಗಲ್ಲ ಹಿಂಡಿ ಕೇಳುವುದು ಒಂದೇ: "ಯಾಕವ್ವಾ, ಮಾತಾಡಲ್ಲೇನು?" ಅವಳು ನನ್ನ ಸೆರಗಿನ ಹಿಂದೆ. ಒಬ್ಬರಂತೂ ಐವತ್ತರ ನೋಟು ಹಿಡಿದು, "ಒಂದು ಹಾಡು ಹೇಳು, ಇದು ನಿಂದೇ" ಎಂದರು. ಅವಳು ನೋಟು ನೋಡಿದಳು, ನನ್ನನ್ನು ನೋಡಿದಳು, ಹೋಗಿ ಮಂಚದ ಕೆಳಗೆ ಕೂತಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ರಾತ್ರಿ ಅವಳಿಗೆ ರೋಸ್ಮರಿ ವೆಲ್ಸ್ ಬರೆದು ಚಿತ್ರ ಬಿಡಿಸಿದ 'ಶೈ ಚಾರ್ಲ್ಸ್' ತೆಗೆದೆ. 1988ರ ಪುಸ್ತಕ. ಇಂಗ್ಲಿಷಿನಲ್ಲಿ ಪ್ರಾಸವಿದೆ. ನನಗೆ ಪ್ರಾಸ ಬರೋಲ್ಲ, ಚಿತ್ರ ತೋರಿಸುತ್ತಾ ಸುಮ್ನೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಚಾರ್ಲ್ಸ್ ಒಂದು ಇಲಿಮರಿ. ತನ್ನ ಪಾಡಿಗೆ ತಾನು ಹಾಯಾಗಿದ್ದಾನೆ. ತಳಮಳವೆಲ್ಲ ಅಪ್ಪ ಅಮ್ಮನಿಗೆ. ಬ್ಯಾಲೆ ಕ್ಲಾಸು, ಫುಟ್‌ಬಾಲು, ಯಾವುದೂ ಹತ್ತುವುದಿಲ್ಲ. ಒಂದು ದಿನ ಅವನನ್ನು ನೋಡಿಕೊಳ್ಳಲು ಬಂದಾಕೆ ಮೆಟ್ಟಿಲಿಂದ ಬೀಳುತ್ತಾಳೆ. ಚಾರ್ಲ್ಸೇ ಫೋನ್ ಮಾಡಿ ಜನ ಕರೆಸುತ್ತಾನೆ. ಎಲ್ಲರೂ ಥ್ಯಾಂಕ್ಸ್ ಎಂದು ಕೂಗುತ್ತಾರೆ. ಅವನು ತುಟಿ ಪಿಟಕ್ಕೆನ್ನುವುದಿಲ್ಲ. ಕಥೆ ಅಲ್ಲಿಗೇ ಮುಗಿಯಿತು.

ಬಾಗಿಲ ಬಳಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆಯ ವಿಮರ್ಶೆ ಕೂಡಲೇ ಬಂತು. "ಇದೆಂಥ ಕಥೆ? ಕೊನೆಗಾದ್ರೂ ಮಾತಾಡಬೇಕಿತ್ತು."

"ಇದಕ್ಕೆ 1989ರಲ್ಲಿ ಅಮೆರಿಕದ ಬಾಸ್ಟನ್ ಗ್ಲೋಬ್-ಹಾರ್ನ್ ಬುಕ್ ಪ್ರಶಸ್ತಿ ಬಂದಿದೆ ಅತ್ತೆ."

"ಕೊಟ್ಟೋರ ಮನೇಲಿ ಮಾತಾಡೋ ಮಕ್ಕಳಿರಬೇಕು ಬಿಡು."

ನನಗೆ ಉತ್ತರ ಹೊಳೆಯಲಿಲ್ಲ. ಆದರೂ ನನಗೆ ಇಷ್ಟವಾಗಿದ್ದು ಅದೇ ಕೊನೆ. ನಾನು ಓದಿದ ಇಂಥ ಕಥೆಗಳಲ್ಲಿ ಜಾಸ್ತಿ ಮಕ್ಕಳು ಕೊನೆಗೆ ಸ್ಟೇಜ್ ಹತ್ತಿ ಚಪ್ಪಾಳೆ ಗಿಟ್ಟಿಸುತ್ತಾರೆ. ನಾಚಿಕೆ ಎಂದರೆ ಜ್ವರ, ಕಥೆ ಎಂದರೆ ಮಾತ್ರೆ ಅನ್ನೋ ಹಾಗೆ. ವೆಲ್ಸ್ ಮಾತ್ರೆ ಕೊಡುವುದಿಲ್ಲ. ಮಾತು ಬೇಕಿದ್ದಾಗ ಚಾರ್ಲ್ಸ್ ಆಡಿದ, ಆಮೇಲೆ ಮತ್ತೆ ತನ್ನ ಹಾಗೇ ಆದ. ನನ್ನದೂ ಒಂದು ತಕರಾರಿದೆ: ಸುಮ್ಮನಿರುವ ಮಗುವನ್ನು ಮೆಚ್ಚಿಕೊಳ್ಳಲು ಅದು ಯಾರನ್ನಾದರೂ ಕಾಪಾಡಲೇಬೇಕಾ?

ಮಗಳು ಕೊನೆಯ ಪುಟವನ್ನು ತುಂಬಾ ಹೊತ್ತು ನೋಡಿದಳು. ಅಜ್ಜಿಗೆ ಕೇಳಿಸದ ಹಾಗೆ ನನ್ನ ಕಿವಿಗೆ ಬಾಯಿಟ್ಟಳು.

"ಅಮ್ಮಾ, ಅವರಮ್ಮನೂ ನಕ್ಕಳಾ?"