ಫರಕ್ಕಾದಲ್ಲಿ ಜೊತೆಯಾಗಿ ನೀರಳೆಯುವವರು

ಪ್ರತಿ ವರ್ಷ ಜನವರಿ 1ರಿಂದ ಮೇ 31ರವರೆಗೆ, ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿಯೂ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿಯಲ್ಲಿಯೂ ಎರಡು ದೇಶಗಳ ತಂಡಗಳು ಗಂಗೆಯ ಹರಿವನ್ನು ದಿನವೂ ಅಳೆದು ದಾಖಲಿಸಬೇಕೆಂಬುದು 1996ರ ಗಂಗಾ ಜಲ ಒಪ್ಪಂದದ ಕಟ್ಟಳೆ. ಆ ವರ್ಷದ ಡಿಸೆಂಬರ್ 12ರಂದು ದೆಹಲಿಯಲ್ಲಿ ಅದಕ್ಕೆ ಸಹಿ ಹಾಕಿದವರು ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಮತ್ತು ನಮ್ಮ ಹಾಸನದ ಎಚ್.ಡಿ. ದೇವೇಗೌಡರು. ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿ, ರಾಜ್ಯದ ನೀರಾವರಿ ಖಾತೆಯನ್ನೂ ನಿಭಾಯಿಸಿದ್ದ ಒಬ್ಬ ಕನ್ನಡಿಗ ಪ್ರಧಾನಿಯ ಕಾಲದಲ್ಲಿ ಅದು ಕೈಗೂಡಿತೆಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಒಪ್ಪಂದದ ಹಂಚಿಕೆ ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ನಡೆಯುತ್ತದೆ. ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ನೀರಿದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾದೇಶಕ್ಕೆ 35,000 ಕ್ಯೂಸೆಕ್, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಮಿಕ್ಕದ್ದು ಬಾಂಗ್ಲಾದೇಶಕ್ಕೆ. ಸೂತ್ರ ಸರಳವಾಗಿದೆ, ಆದರೆ 70,000 ಕ್ಯೂಸೆಕ್ ಹರಿವಿನಲ್ಲಿ ಅಳತೆ ಶೇಕಡಾ 5ರಷ್ಟು ತಪ್ಪಿದರೂ 3,500 ಕ್ಯೂಸೆಕ್ ನೀರಿನ ಲೆಕ್ಕ ಏರುಪೇರಾಗುತ್ತದೆ.

ವಿದ್ಯಾರ್ಥಿಯಾಗಿದ್ದಾಗ ಸೇತುವೆಯೊಂದರ ಮೇಲೆ ನಿಂತು, ಹರಿವಿನ ವೇಗವನ್ನು ಅಳೆಯುವ ಕರೆಂಟ್ ಮೀಟರನ್ನು ನದಿಗೆ ಇಳಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ನದಿಯ ಅಗಲವನ್ನು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲೂ ಆಳದ ಹತ್ತರಲ್ಲಿ ಎರಡು ಪಾಲು ಮತ್ತು ಎಂಟು ಪಾಲು ಕೆಳಗೆ ವೇಗವನ್ನು ಅಳೆದು, ಅವುಗಳ ಸರಾಸರಿಯನ್ನು ಆ ಪಟ್ಟಿಯ ವಿಸ್ತೀರ್ಣದಿಂದ ಗುಣಿಸಿ ಕೂಡುತ್ತಾ ಹೋಗಬೇಕು. ನನ್ನ ಉತ್ತರವೂ ಸಹಪಾಠಿಯ ಉತ್ತರವೂ ತಾಳೆಯಾಗಲಿಲ್ಲ. ಅರ್ಧ ಗಂಟೆ ವಾದಿಸಿದ ಮೇಲೆ ಗೊತ್ತಾಯಿತು: ಹರಿವಿನ ರಭಸಕ್ಕೆ ಉಪಕರಣದ ತಂತಿ ಓರೆಯಾಗಿತ್ತು, ಅದಕ್ಕೆ ತಕ್ಕಂತೆ ಆಳವನ್ನು ಅವನು ತಿದ್ದಿಕೊಂಡಿದ್ದ, ನಾನು ತಿದ್ದಿರಲಿಲ್ಲ. ಒಂದೇ ಸೇತುವೆಯ ಮೇಲೆ ನಿಂತಿದ್ದರಿಂದ ಆ ಜಗಳ ಅಲ್ಲಿಯೇ ಬಗೆಹರಿಯಿತು. ನಾವು ಎರಡು ರಾಜಧಾನಿಗಳಲ್ಲಿ ಕುಳಿತಿದ್ದರೆ ಒಬ್ಬರನ್ನೊಬ್ಬರು ಸುಳ್ಳುಗಾರರೆಂದೇ ಬಗೆಯುತ್ತಿದ್ದೆವು. ತಮಿಳುನಾಡಿಗೆ ಹರಿಯುವ ಕಾವೇರಿ ನೀರನ್ನು ಅಳೆಯುವ ಬಿಳಿಗುಂಡ್ಲುವಿನ ಅಂಕಿಗಳನ್ನು ಪತ್ರಿಕೆಗಳಲ್ಲಿ ಓದುವ ನಮಗೆ, ಒಂದೇ ದೇಶದೊಳಗೂ ಇಂಥ ಅನುಮಾನ ಎಷ್ಟು ಬೇಗ ಬೆಳೆಯುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದಲೇ ಗಡಿ ದಾಟುವ ನದಿಗಳನ್ನು ನೋಡಿಕೊಳ್ಳಬೇಕಾದವರ ತರಬೇತಿ ಎರಡೂ ದಡದವರನ್ನು ಒಟ್ಟಿಗೆ ಕೂರಿಸಿಕೊಂಡೇ ನಡೆಯಬೇಕೆಂದು ನಾನು ನಂಬಿದ್ದೇನೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿರುವ ಜಲ ಶಿಕ್ಷಣ ಸಂಸ್ಥೆಯು ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ಹಾಗೂ ಕೋಸ್ಟಾರಿಕಾದ ಶಾಂತಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಜಲ ಸಹಕಾರ ಮತ್ತು ರಾಜತಾಂತ್ರಿಕತೆಯಲ್ಲಿ ಸ್ನಾತಕೋತ್ತರ ಪದವಿಯನ್ನು ರೂಪಿಸಿದೆ. ಮೆಕಾಂಗ್ ನದಿ ಆಯೋಗವು ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂಗಳ ಕಿರಿಯ ಅಧಿಕಾರಿಗಳನ್ನು ಜೊತೆಯಲ್ಲಿ ದುಡಿಸಿ ಪಳಗಿಸಿದೆ. ಎರಡೂ ಒಳ್ಳೆಯ ಪ್ರಯತ್ನಗಳೇ. ಆದರೂ ಪರದೇಶದ ತರಗತಿಗಿಂತ ನದಿಯ ದಡಕ್ಕೇ ನನ್ನ ಒಲವು.

ಎಂಜಿನಿಯರುಗಳು ಕಾನೂನನ್ನೂ ಕಲಿಯಬೇಕು. ಅಂತರರಾಷ್ಟ್ರೀಯ ಜಲಮಾರ್ಗಗಳ ಬಗೆಗಿನ ವಿಶ್ವಸಂಸ್ಥೆಯ 1997ರ ಒಡಂಬಡಿಕೆಯಲ್ಲಿ ನ್ಯಾಯಯುತ ಬಳಕೆಯ ತತ್ವವೂ ಇದೆ, ನೆರೆಯವರಿಗೆ ಗಣನೀಯ ಹಾನಿ ಮಾಡಬಾರದೆಂಬ ಹೊಣೆಯೂ ಇದೆ. ಅದರ ಪರವಾಗಿ ಬಾಂಗ್ಲಾದೇಶ ಮತ ಹಾಕಿತು, ಭಾರತ ಮತದಾನದಿಂದ ದೂರ ಉಳಿಯಿತು. ಏಕೆ ಹಾಗಾಯಿತೆಂಬುದನ್ನು ಎರಡೂ ದೇಶಗಳ ತರುಣ ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಕುಳಿತು, ಪರಸ್ಪರರ ವಾದವನ್ನು ತಾವೇ ಮಂಡಿಸುತ್ತಾ ಚರ್ಚಿಸಿದರೆ ಎಷ್ಟು ಚೆನ್ನ.

ಗಂಗಾ ಒಪ್ಪಂದದ 30 ವರ್ಷಗಳ ಅವಧಿ 2026ರ ಡಿಸೆಂಬರ್‌ವರೆಗೆ ಮಾತ್ರ. ಅದರ ಹಂಚಿಕೆಯ ಪಟ್ಟಿ 1949ರಿಂದ 1988ರವರೆಗಿನ ಸರಾಸರಿ ಹರಿವನ್ನು ಆಧರಿಸಿದೆ. ಅದರಲ್ಲಿ ಹೂಳಿನ ಲೆಕ್ಕವಿಲ್ಲ, ಉಪ್ಪಿನ ಲೆಕ್ಕವಿಲ್ಲ, ಹಿಲ್ಸಾ ಮೀನಿನ ಲೆಕ್ಕವೂ ಇಲ್ಲ. ಮುಂದಿನ ತಲೆಮಾರಿನ ಜಲತಜ್ಞರು ಮಾರ್ಚ್ ತಿಂಗಳನ್ನು ಫರಕ್ಕಾದಲ್ಲಿ ಕರೆಂಟ್ ಮೀಟರ್ ಹಿಡಿದು ಕಳೆಯಲಿ. ಏಪ್ರಿಲಿನಲ್ಲಿ ಅದೇ ತಂಡ ಬಾಂಗ್ಲಾದೇಶದ ಖುಲ್ನಾದ ಕಡೆಗೆ ಇಳಿದು, ಸಿಹಿನೀರು ಸೊರಗಿದಾಗ ಸಮುದ್ರದ ಉಪ್ಪು ನದಿಯೊಳಗೆ ಎಷ್ಟು ದೂರ ಏರಿ ಬಂದಿದೆಯೆಂದು ಅದೇ ದಿನಚರಿ ಪುಸ್ತಕದಲ್ಲಿ ಬರೆದುಕೊಳ್ಳಲಿ.